ಎಂಜಿನ್ನಿನ ಬಿಸಿನೀರು

ಅವ್ವನ ಬಗ್ಗೆ ನನಗಿರುವ ನೆನಪು ಒಂದೇ. ಅದಾದರೂ ನನ್ನದು ಹೌದೋ ಅಲ್ಲವೋ ಎಂಬ ಅನುಮಾನ ಬಹಳ ವರ್ಷಗಳಿಂದ ಇದೆ.

ಗದಗಿನ ಕಡೆಯ ಒಂದು ಊರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ ಇತ್ತು. ಅದನ್ನು ತಿರುಗಿಸುವುದಕ್ಕೆ ಡೀಸೆಲ್ ಎಂಜಿನ್. ಅದರ ಹೊಗೆಕೊಳವೆಯ ಬಾಯಿಗೆ ಅಪ್ಪ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿ ತಂತಿಯಿಂದ ಕಟ್ಟಿದ್ದ. ಎಂಜಿನ್ ಶುರುವಾದರೆ ಡಬ್ಬಿ ಕುಕ್, ಕುಕ್ ಎಂದು ಕೂಗುತ್ತಿತ್ತು. ಗಿರಣಿ ಚಾಲೂ ಆಗಿದೆ ಎಂದು ಊರಿಗೆಲ್ಲ ತಿಳಿಯುತ್ತಿದ್ದುದು ಅದರಿಂದಲೇ. ಎಂಜಿನ್ ತಣ್ಣಗಿರಲೆಂದು ಹರಿಸುತ್ತಿದ್ದ ನೀರು ಪಕ್ಕದ ಸಿಮೆಂಟಿನ ತೊಟ್ಟಿಯಲ್ಲಿ ಬಿಸಿಯಾಗಿ ನಿಲ್ಲುತ್ತಿತ್ತು. ಚಳಿಗಾಲದಲ್ಲಿ ಓಣಿಯ ಹೆಂಗಸರು ಕೊಡ ತಂದು ಒಯ್ಯುತ್ತಿದ್ದರಂತೆ. ನಮ್ಮ ಸ್ನಾನವೂ ಅದೇ ನೀರಿನಲ್ಲಿ.

ನನ್ನ ನೆನಪು ಇಷ್ಟು: ನಾನು ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದೇನೆ. ಅವ್ವ ತಂಬಿಗೆಯಿಂದ ಬೆನ್ನಿಗೆ ಬಿಸಿನೀರು ಸುರಿಯುತ್ತಿದ್ದಾಳೆ. ತಲೆಯ ಮೇಲೆ ಕುಕ್, ಕುಕ್. ನೀರಿಗೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ವಾಸನೆ. ಅವ್ವನ ಮುಖ ಇದರಲ್ಲಿ ಇಲ್ಲ. ಅದು ನನಗೆ ಫೋಟೋದಿಂದ ಬಂದದ್ದು. ನಾನು ಶಾಲೆಗೆ ಹೋಗುವ ಮೊದಲೇ ಅವಳು ತೀರಿಕೊಂಡಳು.

ನನ್ನನ್ನು ಬೆಳೆಸಿದ ಅಕ್ಕ ಇದನ್ನು ಒಪ್ಪುವುದಿಲ್ಲ. ಹುಬ್ಬಳ್ಳಿಯಿಂದ ಫೋನಿನಲ್ಲಿ ಎಷ್ಟೋ ಸಲ ಬೈದಿದ್ದಾಳೆ: “ನಾ ಹೇಳಿದ್ದು ಕೇಳಿ ಕೇಳಿ ನಿನ್ನ ನೆನಪು ಅಂತ ಇಟ್ಕೊಂಡಿ. ಎಂಜಿನ್ನಿಗೆ ಹರಸ್ತಿದ್ದದ್ದು ಬಾವಿ ನೀರಪಾ. ಎಂಜಿನ್ ನೀರಿಗೆ ಎಣ್ಣಿ ಕೂಡೂದಿಲ್ಲ. ವಾಸನಿ ಎಲ್ಲಿಂದ ಬರ್ತದ?”

ಆ ನೆನಪಿನಲ್ಲಿ ಉಳಿದದ್ದೆಲ್ಲ ಅಕ್ಕನೇ ಹೇಳಿದ್ದು; ಅವಳು ಹೇಳದೆ ನನ್ನ ಬಳಿ ಇರುವುದು ಆ ವಾಸನೆ ಒಂದೇ. ಅದು ಸುಳ್ಳಾದರೆ ನೆನಪು ಪೂರ್ತಿ ಅವಳದು. ಔಷಧ ಕಂಪನಿಗಳಿಗೆ ಅಂಕಿ ಅಂಶ ನೋಡಿಕೊಡುವುದು ನನ್ನ ಕೆಲಸ. ರೋಗಿಗಳು ನೆನಪಿನಿಂದ ಹೇಳಿದ್ದನ್ನು ಹಾಗೇ ನಂಬಬಾರದು ಎಂದು ಹೊಸಬರಿಗೆ ಪಾಠ ಮಾಡುವವನು ನಾನೇ.

ಕಳೆದ ಬೇಸಿಗೆಯ ಒಂದು ಶನಿವಾರ ನಾನೂ ಹೆಂಡತಿಯೂ ಅಮೆರಿಕದಲ್ಲಿ ನಾವಿರುವ ಪಾರ್ಸಿಪನಿಯಿಂದ ಪಶ್ಚಿಮಕ್ಕೆ ಡ್ರೈವ್ ಮಾಡಿಕೊಂಡು ಹೋದೆವು. ಅಲ್ಲೊಂದು ಹೊಲದಲ್ಲಿ ಹಳೆಯ ಸ್ಟೀಮ್ ಎಂಜಿನ್‌ಗಳ ಮೇಳ. ಒಂದು ಕಡೆ ನಿಂತಲ್ಲೇ ಓಡುವ ಹಳೆಯ ಎಂಜಿನ್‌ಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಹಿಂದೆ ಮಡಚುವ ಕುರ್ಚಿಯಲ್ಲಿ ಅದರ ಒಡೆಯ.

“ರೀ, ಜನ ಆಪಲ್ ಪಿಕಿಂಗ್‌ಗೆ ಹೋಗ್ತಾರೆ, ಬೀಚ್‌ಗೆ ಹೋಗ್ತಾರೆ,” ಎಂದಳು ಮೈಸೂರಿನವಳಾದ ನನ್ನ ಹೆಂಡತಿ. “ನೀವು ಹೊಗೆ ಕುಡಿಯೋಕೆ ಕರ್ಕೊಂಡು ಬಂದಿದ್ದೀರ.”

ಅಮೆರಿಕದ ಎಂಜಿನ್‌ಗಳ ತಾಳವೇ ಬೇರೆ. ಒಂದು ಸಲ ಢಬ್ ಎಂದು, ಆಮೇಲೆ ಮರೆತವರ ಹಾಗೆ ಸುಮ್ಮನೆ ಚಕ್ರ ತಿರುಗಿಸಿ, ಮತ್ತೆ ಯಾವಾಗಲೋ ಢಬ್. ನನಗೆ ನಿರಾಸೆಯಾಯಿತು. ಸಾಲಿನ ಕೊನೆಯಲ್ಲಿ ಮಾತ್ರ ಹಸಿರು ಬಣ್ಣದ, ದೊಡ್ಡ ಗಾಲಿಗಳ, ಇಂಗ್ಲೆಂಡಿನ ಒಂದು ಡೀಸೆಲ್ ಎಂಜಿನ್ ತಪ್ಪದ ಲಯದಲ್ಲಿ ಓಡುತ್ತಿತ್ತು. ನಮ್ಮದೂ ಇಂಥದ್ದೇ ಇತ್ತು ಎಂದು ಹೇಳಬೇಕೆನಿಸಿತು. ಇಂಥದ್ದು ಎಂದು ನನಗೇನು ಗೊತ್ತು?

ಸದ್ದು ಬರೀ ಢಗ್ ಢಗ್. ಡಬ್ಬಿ ಇಲ್ಲವಲ್ಲ. ಕಾಫಿಗೆಂದು ತಂದಿದ್ದ ಸ್ಟೀಲ್ ಲೋಟವನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡೆ.

“ಅಯ್ಯೋ, ಅದು ನಮ್ಮಮ್ಮ ಕೊಟ್ಟ ಲೋಟ ರೀ! ಏನಂದ್ಕೋತಾರೆ ಅವ್ರು?”

ಎಂಜಿನ್ನಿನ ಒಡೆಯ, ಮೇಲಂಗಿಯ ತುಂಬ ಗ್ರೀಸ್ ಮೆತ್ತಿಕೊಂಡ ಮುದುಕ, ನನ್ನ ವಿವರಣೆ ಕೇಳಿ “ಬಿ ಮೈ ಗೆಸ್ಟ್” ಎಂದು ಕೊಳವೆಯ ಕಡೆ ಕೈ ತೋರಿಸಿದ. ನಾನು ಲೋಟವನ್ನು ಕೊಳವೆಯ ಬಾಯಿಗೆ ಬೋರಲು ಹಾಕಿದೆ. ಅಪ್ಪನ ಡಬ್ಬಿಗೆ ತಂತಿ ಯಾಕಿತ್ತು ಎಂದು ಆ ಕ್ಷಣವೇ ತಿಳಿಯಿತು. ಲೋಟ ಹಾರಿ ಪಕ್ಕದವನ ಕುರ್ಚಿಯ ಕೆಳಗೆ ಬಿತ್ತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

“ಪಿಎಚ್‌ಡಿ ಮಾಡಿದ್ದು ಇದಕ್ಕೇನಾ?” ಎಂದು ಹೆಂಡತಿ ಲೋಟ ಹೆಕ್ಕಲು ಹೋದಳು. ಅದಕ್ಕೆ ಮಸಿ ಹತ್ತಿತ್ತು. ಮುದುಕ ಎಂಜಿನ್ ಒರೆಸುವ ತನ್ನ ಬಟ್ಟೆಯನ್ನೇ ಅವಳಿಗೆ ಕೊಟ್ಟ. ಆಮೇಲೆ ಅವನಿಗೂ ಹುರುಪು ಬಂದು, ಖಾಲಿ ಕಾಫಿ ಡಬ್ಬವೊಂದನ್ನು ಹುಡುಕಿ ತಂತಿಯಿಂದ ಕೊಳವೆಗೆ ಸಡಿಲವಾಗಿ ಕಟ್ಟಿದ.

ಕುಕ್. ಕುಕ್. ಕುಕ್.

ಅಕ್ಕನಿಗೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

“ಅಕ್ಕಾ, ಇದನ್ನ ಕೇಳು.” ಫೋನನ್ನು ಕೊಳವೆಯ ಕಡೆ ಹಿಡಿದೆ.

ಅವಳ ಟೀವಿಯ ಗದ್ದಲ ನಿಂತಿತು. “ಎಲ್ಲಿದ್ದೀಯೋ ನೀ?” ಎಂದಳು.

ಎಂಜಿನ್ ತಣಿಸುವ ನೀರು ತುಂಬಿದ ಪಕ್ಕದ ಪೀಪಾಯಿಯಲ್ಲಿ ನಾನು ಕೈ ಅದ್ದಿದೆ. ಸ್ನಾನಕ್ಕೆ ಹದವಾದ ಬಿಸಿನೀರು. ಅಂಗೈಯಲ್ಲಿ ತೆಗೆದು ಮೂಸಿ ನೋಡಿದೆ. ಏನೂ ಇಲ್ಲ, ಬರೀ ನೀರು.

“ನೀ ಹೇಳಿದ್ದ ಖರೆ ಅಕ್ಕಾ,” ಎಂದೆ. “ನೀರಿಗೆ ವಾಸನಿ ಇಲ್ಲ.”

ಇಷ್ಟು ವರ್ಷ ವಾದ ಮಾಡಿದವಳು ಗೆದ್ದೆನೆಂದು ನಗಲಿಲ್ಲ. ಅಷ್ಟರಲ್ಲಿ ಮುದುಕ ಊಟಕ್ಕೆ ಹೋಗಬೇಕೆಂದು ಎಂಜಿನ್ ನಿಲ್ಲಿಸಿದ. ಕುಕ್ ಎಂಬುದು ಕ್ಷೀಣವಾಗಿ ಅಡಗಿತು. ಗಾಲಿಗಳು ಮಾತ್ರ ಸದ್ದಿಲ್ಲದೆ ಇನ್ನೂ ಸುತ್ತುತ್ತಿದ್ದವು.

“ಬಂದ್ ಆತೇನು?” ಎಂದಳು ಅಕ್ಕ. “ಬಂದ್ ಆದ ಕೂಡ್ಲೆ ಅವ್ವ ಚಿಮಣಿ ಎಣ್ಣ್ಯಾಗ ಅದ್ದಿದ ಅರಿವಿ ತಗೊಂಡು ಎಂಜಿನ್ ಒರಸಾಕ ಕೂಡ್ತಿದ್ಲು. ಆ ಕೆಲಸ ಅಪ್ಪಗ ಬಿಡ್ತಿರಲಿಲ್ಲ. ಆಮ್ಯಾಲ ಬಂದು ನಿನಗ ನೀರು ಹಾಕಾಕಿ. ಸಾಬಾಣ ಹಚ್ಚಿ ತಿಕ್ಕಿದ್ರೂ ಆಕಿ ಕೈ ವಾಸನಿ ಹೋಗ್ತಿರಲಿಲ್ಲ.”

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. “ಇದನ್ನ ಮೊದಲ ಯಾಕ ಹೇಳಲಿಲ್ಲ ನೀನು?”

“ನೀ ನೀರಿನ ವಾಸನಿ ಕೇಳ್ತಿದ್ದಿ. ಅವ್ವನ ಕೈ ವಾಸನಿ ಯಾವತ್ತರೆ ಕೇಳಿದ್ದೇನು?”

ಮೇಳಕ್ಕೆ ನಾನು ಬಂದದ್ದು ಆ ಕುಕ್ ಕುಕ್ ಸದ್ದಿಗಾಗಿ. ಎಂಜಿನ್ ನಿಂತ ಮೇಲೆಯೇ ಸ್ನಾನ ಎಂದಾದರೆ, ನೀರು ಬೀಳುವಾಗ ಆ ಸದ್ದು ನನಗೆ ಕೇಳಿರಲಾರದು. ಅದನ್ನು ಅಕ್ಕನ ಮಾತಿನಿಂದ ತೆಗೆದು ನಾನೇ ಅಲ್ಲಿ ಸೇರಿಸಿಕೊಂಡಿರಬೇಕು. ವಾಸನೆ ಮಾತ್ರ ಯಾರೂ ಕೊಟ್ಟದ್ದಲ್ಲ. ಅಥವಾ ನನ್ನ ದನಿ ಕೇಳಿ ಮರುಕಪಟ್ಟು ಅಕ್ಕ ಈಗ ಹಾಗೆ ಹೇಳಿದಳೋ? ಆಫೀಸಿನಲ್ಲಾಗಿದ್ದರೆ ಒಬ್ಬರ ಸಾಕ್ಷಿ ಸಾಲದು ಎಂದು ಬರೆಯುತ್ತಿದ್ದೆ. ಅಕ್ಕನನ್ನು ಇನ್ನೊಮ್ಮೆ ಕೇಳದೆ, ಊಟ ಮಾಡು ಎಂದು ಹೇಳಿ ಫೋನ್ ಇಟ್ಟೆ.

ಹೊರಟಾಗ ಬಿಸಿಲು ಜೋರಾಗಿತ್ತು. ಹೈವೇಗೆ ಬಂದ ಮೇಲೆ ಹೆಂಡತಿ ತಗ್ಗು ಬಿದ್ದ ಲೋಟವನ್ನು ತಿರುಗಿಸಿ ನೋಡಿದಳು. ಆಮೇಲೆ ತನ್ನ ಕೈಯನ್ನು ಮೂಸಿದಳು.

“ಥೂ, ಆ ಬಟ್ಟೆ ಮುಟ್ಟಿದ್ದಕ್ಕೆ ಕೈಯೆಲ್ಲಾ ಸೀಮೆಎಣ್ಣೆ ವಾಸನೆ. ಕಾರಲ್ಲೆಲ್ಲಾ ಅದೇ. ಕಿಟಕಿ ತೆಗೀತೀನಿ.”

“ಸ್ವಲ್ಪ ಹೊತ್ತು ಇರಲಿ,” ಎಂದೆ.

ಅವಳು ನನ್ನ ಮುಖ ನೋಡಿದಳು. ಕಿಟಕಿಯ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದು, ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಕೂತಳು.