ಹವಳ ನೋಡಲು ಹೋದವಳು

ನಮ್ಮವರು ಕಮಲಾಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ದಿನಾ ಬೆಳಿಗ್ಗೆ ಬ್ರಹ್ಮಪುರದ ಮನೆಯಿಂದ ಹೊರಟು, ಮಹಾಗಾಂವ ದಾಟುವ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದರು. ಹವಳದ ದಿಬ್ಬಗಳು ಅವರ ಫೇವರಿಟ್ ಪಾಠ. ಬೋರ್ಡಿನ ಮೇಲೆ ನಾಲ್ಕು ಬಣ್ಣದ ಚಾಕ್‌ಪೀಸಿನಲ್ಲಿ ಬಿಡಿಸುತ್ತಿದ್ದರಂತೆ. ಸಮುದ್ರವನ್ನು ಮಾತ್ರ ಒಮ್ಮೆಯೂ ನೋಡಿದವರಲ್ಲ. ರಿಟೈರ್ ಆದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದರು, ಪೂರ್ ಮ್ಯಾನ್. ಅಷ್ಟರಲ್ಲಿ ಶುಗರ್ ಕಣ್ಣಿಗೆ ಬಂತು. ಎರಡೂ ಹೋದವು.

ಆಮೇಲೆ ನಾಲ್ಕು ವರ್ಷ ಇನ್ಸುಲಿನ್, ಕೈಹಿಡಿದು ಬಾತ್‌ರೂಮಿಗೆ ಒಯ್ಯುವುದು, ಪೇಪರ್ ಓದಿ ಹೇಳುವುದು. ನನಗೆ ದುಃಖವಾಗಿತ್ತೆಂದರೆ ಸುಳ್ಳಾದೀತು. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಕೊಡುತ್ತಾರಲ್ಲ, ಹಾಗೆ ನಂಬ್ ಆಗಿದ್ದೆ.

ನನ್ನ ತಮ್ಮನ ಮಗಳು ಅಂಡಮಾನಿನಲ್ಲಿ ಹಾಯಿದೋಣಿ ನಡೆಸುತ್ತಾಳೆ. ಪ್ರವಾಸಿಗರಿಲ್ಲದ ಒಂದು ವಾರ ಅವಳೂ ಮೂವರು ಜೊತೆಗಾರರೂ ದೋಣಿಯನ್ನು ಬೇರೆ ಬಂದರಿಗೆ ಒಯ್ಯುವವರಿದ್ದರು. "ಅತ್ಯಾ, ನೀವೂ ಬರ್ರಿ," ಎಂದು ಫೋನು ಮಾಡಿದಳು. ಬೇಡವೆಂದೆ. ನಮ್ಮವರು ಕೇಳಿಸಿಕೊಂಡರು.

"ಹೋಗು. ದಾರ್ಯಾಗ ಹವಳ ಇರ್ತಾವ. ನನ್ನ ಸಲುವಾಗಿ ನೋಡಿ ಬಂದು ಹೇಳು."

ಅವರು ನನ್ನಿಂದ ಏನನ್ನಾದರೂ ಬೇಡಿದ್ದು ಬಹಳ ಕಡಿಮೆ. ತಮ್ಮ ಬಂದು ಅವರ ಜೊತೆ ಉಳಿದ. ನಾನು ಹೋದೆ.

ಮೂರನೆಯ ದಿನ ಒಂದು ಪುಟ್ಟ ದ್ವೀಪದ ಬಳಿ ಲಂಗರು ಹಾಕಿದರು. ಒಂದೇ ಗಂಟೆ, ಗಾಳಿ ಬದಲಾಗುವುದರೊಳಗೆ ಹೊರಡಬೇಕು. ಹುಡುಗಿ ನನ್ನ ಕೈಗೆ ಗಾಜಿನ ಮಾಸ್ಕ್, ಬಾಯಲ್ಲಿಟ್ಟು ಉಸಿರಾಡುವ ಕೊಳವೆ ಕೊಟ್ಟಳು. ಆ ಕೊಳವೆ ಎಷ್ಟು ಜನರ ಬಾಯೊಳಗೆ ಹೋಗಿ ಬಂದಿತ್ತೋ. ಸೋಪು ಹಾಕಿ ಮೂರು ಸಲ ತೊಳೆದೆ. ಅದರಲ್ಲೇ ಅರ್ಧ ಗಂಟೆ ಹೋಯಿತು.

"ಈಗ ಮಾಸ್ಕಿನ ಒಳಗ ಉಗುಳ್ರಿ, ಅತ್ಯಾ."

"ಏನಂದಿ?"

"ಉಗುಳಿ ಗಾಜಿಗೆ ಸವರ್ರಿ. ಇಲ್ಲಾಂದ್ರ ಮಂಜು ಕಟ್ಟತದ, ಏನೂ ಕಾಣಂಗಿಲ್ಲ."

ಎಂಜಲು ಸವರಿದ್ದನ್ನು ಮುಖಕ್ಕೆ ಕಟ್ಟಿಕೊಳ್ಳುವುದೇ? ಚಿಕ್ಕಂದಿನಲ್ಲಿ ಮನೆಯಲ್ಲಿ ಅಜ್ಜಿ, ಊಟದ ನಂತರ ಕೈ ತೊಳೆಯದೆ ಒಂದು ಲೋಟವನ್ನೂ ಮುಟ್ಟಗೊಡುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್, ಲೇಡೀಸ್ ಡು ನಾಟ್ ಸ್ಪಿಟ್, ಎನ್ನುತ್ತಿದ್ದರು. ಅವರಿಬ್ಬರೂ ಒಪ್ಪಿದ್ದ ಸಂಗತಿ ಬಹುಶಃ ಅದೊಂದೇ.

ಹಗ್ಗ ಸುತ್ತುತ್ತಿದ್ದ ಮುದುಕ ಖಲಾಸಿ ನಕ್ಕ. "ದಾದೀ, ಸಮುಂದರ್ ತೋ ಸಾರೀ ಮಛಲಿಯೋಂ ಕಾ ಜೂಠಾ ಹೈ." ಸಮುದ್ರವೇ ಮೀನುಗಳ ಎಂಜಲು, ನಿನ್ನದೇನು ಹೆಚ್ಚು ಎಂದು.

ನಾನು ಕುಡಿಯುವ ನೀರಿನಿಂದ ಗಾಜು ತೊಳೆದು, ಟವೆಲಿನಿಂದ ಒರೆಸಿ ಹಾಕಿಕೊಂಡೆ.

ಹುಡುಗಿ ಮೊಣಕೈ ಹಿಡಿದು ನೀರಿಗಿಳಿಸಿದಳು. ಮುಖ ಮುಳುಗಿಸಿದೆ. ಏನೋ ಹಳದಿ ಸರಿದು ಹೋಯಿತು, ಆಮೇಲೆ ಗಾಜು ಬೆಳ್ಳಗಾಯಿತು. ತಲೆ ಎತ್ತಿ ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತು ನಿಮಿಷ ಆ ಬಿಳುಪಿನಲ್ಲೇ ತೇಲುತ್ತ ಇದ್ದೆ. ಹೆದರಿಕೆ ಇರಲಿಲ್ಲ, ಬೇಸರವೂ ಇರಲಿಲ್ಲ. ದೋಣಿಯಿಂದ ಕರೆದಾಗಲೇ ನಮ್ಮವರ ಮಾತು ನೆನಪಾದದ್ದು. ಆಗ ಮಾಸ್ಕ್ ತೆಗೆದು ಉಗುಳಿದೆ ಕೂಡ. ಲಂಗರು ಎತ್ತುತ್ತಿದ್ದರು.

ಬ್ರಹ್ಮಪುರಕ್ಕೆ ಮರಳಿದ ದಿನ ನಮ್ಮವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು.

"ಹೇಳು."

ಜಿಂಕೆಯ ಕೊಂಬಿನಂಥ ಹವಳ, ಮಿದುಳಿನ ಆಕಾರದ ಹವಳ, ಬೆಚ್ಚಗಿನ ತಿಳಿನೀರು, ಹೆಚ್ಚು ಆಳವಿಲ್ಲ ಎಂದು ಹೇಳುತ್ತ ಹೋದೆ.

"ಇದು ನನ್ನ ನೋಟ್ಸು," ಎಂದರು. "ಒಂಬತ್ತನೇ ಕ್ಲಾಸಿಂದು. ನೀ ಏನ ನೋಡಿದಿ?"

ಉಗುಳದೆ ಗಾಜಿಗೆ ಮಂಜು ಕಟ್ಟಿದ ಕಥೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

"ಬರೇ ಬೆಳ್ಳಗಿತ್ತೇನು?"

"ಹೌದ್ರಿ."

"ಎಷ್ಟೊತ್ತು?"

"ಇಪ್ಪತ್ತು ನಿಮಿಷ."

"ನನಗೂ ಹಂಗ ಇರ್ತದ." ನನ್ನ ಕಡೆ ಮುಖ ತಿರುಗಿಸಿ ಕೇಳಿದರು, "ನಿನಗ ಅಂಜಿಕಿ ಆಗ್ಲಿಲ್ಲ?"

"ಇಲ್ರಿ."

"ನನಗ ಆಗ್ತದ."

ನಾಲ್ಕು ವರ್ಷದಲ್ಲಿ ಅವರು ಹಾಗೆ ಅಂದದ್ದು ಅದೇ ಮೊದಲು. ಊಟದ ಹೊತ್ತಾಗಿತ್ತು. ನೀರಿನಲ್ಲಿ ಹುಡುಗಿ ನನ್ನನ್ನು ಹಿಡಿದ ಹಾಗೆಯೇ ಅವರ ಮೊಣಕೈ ಹಿಡಿದು ಎಬ್ಬಿಸಿದೆ.

"ಇಂಜೆಕ್ಷನ್ ಮೊದಲ್ರಿ," ಎಂದೆ.