ಕಲ್ಲುಬೋರೆಯ ಹಾದಿ ಬಿಡಿಸಿದ ಕೆಂಪಲಕ್ಷ್ಮಮ್ಮ

ಕಣಕಟ್ಟೆಯ ಕೆಂಪಲಕ್ಷ್ಮಮ್ಮನನ್ನು ನಾನು ಮೊದಲ ಸಲ ನೋಡಿದ್ದು ಲಾಂಟಾನ ಪೊದೆಯೊಳಗೆ. ಬೆಳಿಗ್ಗೆ ಆರೂವರೆ ಇರಬೇಕು. ಪೊದೆ ಒಂದೇ ಸಮನೆ ಅಲುಗಾಡುತ್ತಿತ್ತು. ಕರಡಿಯೇ ಇರಬೇಕೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒಳಗಿನಿಂದ ಮಚ್ಚು ಹಿಡಿದ ಕೈಯೊಂದು ಹೊರಬಂತು. ಅದರ ಹಿಂದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸು.

"ನೋಡ್ತಾ ನಿಂತ್ರೆ ಹಾದಿ ಆಯ್ತದಾ? ಆ ಕೊಂಬೆ ಎಳ್ದು ಅತ್ಲಾಗಾಕಿ," ಅಂದರು.

ಎಳೆದು ಹಾಕಿದೆ. ನಮ್ಮ ಪರಿಚಯವಾದದ್ದು ಹೀಗೆ.

ನನ್ನದು ಅರಸೀಕೆರೆಯಲ್ಲಿ ಔಷಧಿ ಅಂಗಡಿ. ನಲವತ್ತೈದು ದಾಟಿದ ಮೇಲೆ ಓಟದ ಹುಚ್ಚು ಹತ್ತಿಸಿಕೊಂಡವನು. ನಮ್ಮದು ಆರೇಳು ಜನರ ಗುಂಪು. ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುವವಳು ಭವ್ಯಾ. ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ. ಕೆಂಪಲಕ್ಷ್ಮಮ್ಮ ಅವಳ ಅತ್ತೆ.

ಡಿಸೆಂಬರಿನಲ್ಲಿ ಹಳೇಬೀಡಿನ ಸುತ್ತ ಗುಡ್ಡ, ಹೊಲಗಳ ನಡುವೆ ಇಪ್ಪತ್ತೆರಡು ಕಿಲೋಮೀಟರ್ ಓಟ ಇಟ್ಟಿದ್ದಾರೆಂದು ತಿಳಿದಾಗಿನಿಂದ ಭವ್ಯಾ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಣಕಟ್ಟೆಯ ಟಾರು ರಸ್ತೆಯಲ್ಲಿ ಓಡುತ್ತಿದ್ದಳು. ಒಂದು ದಿನ ಹಾಲಿನ ವ್ಯಾನೊಂದು ಮೈಗೆ ತಾಗುವಷ್ಟು ಹತ್ತಿರ ನುಗ್ಗಿತು. ಚರಂಡಿಗೆ ಹಾರಿ ಮೊಣಕೈ ತರಚಿಕೊಂಡು ಮನೆಗೆ ಬಂದಳು.

ಅತ್ತೆ ಅರಿಸಿನ ಹಚ್ಚುತ್ತಾ ಕೇಳಿದರಂತೆ, "ಓಡೋದು ಗುಡ್ಡದಲ್ಲಿ ಅಂತೀಯ, ರೋಡಲ್ಲಿ ಯಾಕೆ ಪ್ರಾಣ ಕಳ್ಕೊತೀಯ?"

"ಗುಡ್ಡಕ್ಕೆ ದಾರಿ ಎಲ್ಲೈತೆ ಅತ್ತೆ? ಬರೀ ಮುಳ್ಳು."

"ಐತೆ ಕಣವ್ವಾ. ನಾನು ಕುರಿ ಹೊಡ್ಕೊಂಡು ಓಡಾಡಿದ್ದೆಲ್ಲ ಗಾಳಿ ಮೇಲಾ?"

ಅದು ನಿಜವೇ. ಹತ್ತನೇ ವಯಸ್ಸಿನಿಂದ ಕುರಿ ಕಾಯ್ದವರು ಅವರು. ಮದುವೆಯಾದ ಮೇಲೂ ಗಂಡ ಚಿಕ್ಕಬೀರಯ್ಯನವರ ಜೊತೆ ಹದಿನೈದು ವರ್ಷ ಊರಾಚೆಯ ಗುಡ್ಡ ಕಲ್ಲುಬೋರೆಯ ಮೂಲೆಮೂಲೆ ತುಳಿದಿದ್ದರು. ಕುರಿ ಮಾರಿ ತೆಂಗಿನ ತೋಟ ಮಾಡಿದ ಮೇಲೆ ಆ ಹಾದಿಗಳ ಮೇಲೆ ಲಾಂಟಾನ ಹಬ್ಬಿಕೊಂಡಿತ್ತು. ಮಾರನೆಯ ಬೆಳಿಗ್ಗೆಯೇ ಐವತ್ತೇಳು ವರ್ಷದ ಕೆಂಪಲಕ್ಷ್ಮಮ್ಮ ತೆಂಗಿನಕಾಯಿ ಸಾಗಿಸುವ ತಮ್ಮ ಟಿವಿಎಸ್ ಏರಿ, ಮಚ್ಚು ಕಟ್ಟಿಕೊಂಡು ಬೋರೆಯ ಬುಡಕ್ಕೆ ಹೊರಟುಬಿಟ್ಟರು.

"ಏನಮ್ಮಿ, ಸೊಸೆ ಓಡೋಕೆ ನೀನು ರೋಡ್ ಹಾಕ್ಸ್ತೀಯಾ?" ಎಂದು ಚಿಕ್ಕಬೀರಯ್ಯ ನಕ್ಕರು.

"ಹೂಂ, ಹಾಕ್ಸ್ತೀನಿ. ನೀವೂ ಬನ್ನಿ, ಕಲ್ಲು ಎತ್ತಾಕೋಕೆ ಒಬ್ರು ಬೇಕು."

ಅವರೂ ಹೋದರು. ಭವ್ಯಾ ಹೇಳಿದ್ದು ಕೇಳಿ ನಾನೂ ಹೋದೆ. ಹದಿನೆಂಟು ಬೆಳಗು ಕಡಿದೆವು. ಕೈಯೆಲ್ಲ ಗೀರು. ಆದರೆ ಪೊದೆ ಸರಿದಂತೆಲ್ಲ ಅಡಿಯಲ್ಲಿ ಹಳೆಯ ಹಾದಿ ಕಾಣಿಸುವುದು ನೋಡಬೇಕಿತ್ತು! ಒಂದು ಮೊಳ ಅಗಲ, ಕುರಿಗಳ ಗೊರಸಿಗೆ ನುಣುಪಾದ ಕಲ್ಲು, ತಿರುವಿನಲ್ಲಿ ನೆರಳಿಗೊಂದು ಮರ. "ಇಲ್ಲಿ ಎಡಕ್ಕೆ ಹೋಯ್ತದೆ," ಎಂದು ಅವರು ಮುಂಚೆಯೇ ಹೇಳುತ್ತಿದ್ದರು. ಕಡಿದು ನೋಡಿದರೆ ಹಾದಿ ಎಡಕ್ಕೇ ಹೋಗಿರುತ್ತಿತ್ತು.

ಕೊನೆಗೆ ಒಂಬತ್ತು ಕಿಲೋಮೀಟರಿನ ಸುತ್ತು ಸಿಕ್ಕಿತು. ತೋಟದ ಬದುವಿನಿಂದ ಹೊರಟು ರಾಗಿ ಹೊಲಗಳ ಅಂಚಿನಲ್ಲಿ ಸಾಗಿ, ತಂಗಡಿ ಹೂವಿನ ನಡುವೆ ಏರುತ್ತಾ ಹೋದರೆ ಬೋರೆಯ ನೆತ್ತಿಯ ಹಾಸುಬಂಡೆ. ಮೊದಲ ದಿನ ಅಲ್ಲಿಗೆ ಓಡಿ ಮುಟ್ಟಿದಾಗ ನನ್ನ ಎದೆ ಬಿರಿಯುವಂತಿತ್ತು. ಆದರೂ ಕೂರಲು ಮನಸ್ಸಾಗಲಿಲ್ಲ. ಕೆಳಗೆ ತೆಂಗಿನ ಗರಿಗಳ ಮೇಲೆ ಬಿಸಿಲು ಹೊರಳುತ್ತಿತ್ತು. ದೂರದಲ್ಲಿ ರೈಲೊಂದು ಅರಸೀಕೆರೆಯ ಕಡೆಗೆ ಎಳೆಯಂತೆ ಜಾರುತ್ತಿತ್ತು. ಪಕ್ಕದಿಂದ ಗೌಜಲಹಕ್ಕಿಗಳು ಭರ್ರೆಂದು ಎದ್ದವು. ಭವ್ಯಾ ಎರಡೂ ಕೈ ಎತ್ತಿ ಕೂಗಿದಳು. ನಾನೂ ಕೂಗಿದೆ. ಕೆಳಗಿನಿಂದ ಕೆಂಪಲಕ್ಷ್ಮಮ್ಮ ನಮ್ಮಿಬ್ಬರಿಗಿಂತ ಜೋರಾಗಿ ಕೂಗಿದರು, "ಇನ್ನೊಂದು ಸುತ್ತು ಓಡ್ರೀ!"

ಓಟದ ದಿನ ಅವರೂ ನಮ್ಮ ಜೀಪಿನಲ್ಲಿ ಹಳೇಬೀಡಿಗೆ ಬಂದರು. ಓಟ ನಡೆಸುತ್ತಿದ್ದ ವ್ಯಾಯಾಮದ ಮೇಷ್ಟ್ರು ಧರ್ಮೇಶ್, ಜನ ಸಾಲದೆ, ಅವರನ್ನು ಬಸ್ತಿಹಳ್ಳಿಯ ಆಚೆಯ ಗುಡ್ಡದ ಬುಡದಲ್ಲಿ ನೀರು ಮತ್ತು ಬಾಳೆಹಣ್ಣು ಕೊಡುವ ಕೆಲಸಕ್ಕೆ ನಿಲ್ಲಿಸಿದರು. ಗುಡ್ಡ ಹತ್ತಿ ಇಳಿದವರು ಅಲ್ಲಿಗೇ ಬರಬೇಕು.

ಆರು ಗಂಟೆಗೆ ಕೆರೆ ಏರಿಯ ಮೇಲಿಂದ ಅರವತ್ತು ಜನ ಹೊರಟೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ತಿಹಳ್ಳಿಯ ಬಸದಿಗಳನ್ನು ದಾಟಿದ್ದು ಗೊತ್ತಾದದ್ದೇ ಅಲ್ಲಿನ ಕಾವಲುಗಾರ ಚಪ್ಪಾಳೆ ತಟ್ಟಿದಾಗ. ಮುಂದೆ ಮೂವರು ಹುಡುಗರು ಗಾಳಿಯಂತೆ ಹೋಗಿಬಿಟ್ಟರು. ಅವರ ಹಿಂದೆ ಭವ್ಯಾ. ನಾನು ಮತ್ತು ಇನ್ನೂ ಒಂಬತ್ತು ಜನ ಅವಳ ಬೆನ್ನು ಹಿಡಿದು ಗುಡ್ಡ ಏರಿದೆವು. ಅಂಥ ಗುಂಪಿನಲ್ಲಿ ನಾನು ಅದುವರೆಗೆ ಓಡಿದ್ದೇ ಇಲ್ಲ. ಕಾಲುಗಳು ನನ್ನವೇ ಅಲ್ಲವೆನ್ನಿಸುತ್ತಿತ್ತು.

ನೆತ್ತಿ ದಾಟಿದ ಮೇಲೆ ಹಾದಿ ಕವಲೊಡೆಯುತ್ತದೆ. ಅಲ್ಲಿ ಬಲಕ್ಕೆ ತಿರುಗಬೇಕೆಂದು ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರು. ಮುಂದಿನ ಮೂವರು ಹೋದ ಮೇಲೆ ಯಾವುದೋ ಮೇಕೆ ಅದನ್ನು ತಿಂದುಹಾಕಿತ್ತು. ನಮಗೆ ರಿಬ್ಬನ್ ಕಾಣಲಿಲ್ಲ. ನೇರಕ್ಕೆ ಓಡಿದೆವು. ಹಾದಿ ಕಿರಿದಾಯಿತು, ಮುಳ್ಳು ಹೆಚ್ಚಾಯಿತು. ಇದ್ದಕ್ಕಿದ್ದಂತೆ ಭವ್ಯಾ ಎರಡೂ ಕೈ ಚಾಚಿ ನಿಂತಳು. ಅವಳ ಕಾಲಿಗೆ ಸಿಕ್ಕ ಕಲ್ಲೊಂದು ಉರುಳಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲು ಬಹಳ ಹೊತ್ತು ಹಿಡಿಯಿತು. ನಾವು ಬಂಡೆಯ ಅಂಚಿನಲ್ಲಿದ್ದೆವು. ಮಂಜಿನಲ್ಲಿ ಹಿಂದು ಮುಂದು ಏನೂ ತಿಳಿಯದು. ಫೋನಿಗೆ ಸಿಗ್ನಲ್ ಇಲ್ಲ.

ಅತ್ತ ಗುಡ್ಡದ ಬುಡದಲ್ಲಿ ಮೂವರು ನೀರು ಕುಡಿದು ಹೋಗಿ ಹತ್ತು ನಿಮಿಷವಾಗಿತ್ತು. ಕೆಂಪಲಕ್ಷ್ಮಮ್ಮ ಧರ್ಮೇಶ್ ಅವರ ತೋಳು ಹಿಡಿದು ಅಲ್ಲಾಡಿಸಿದರು.

"ಮೇಷ್ಟ್ರೆ, ನನ್ ಸೊಸೆ ಬಂದಿಲ್ಲ. ಜನ ಹಾದಿ ತಪ್ಪವ್ರೆ."

"ಮಂಜಲ್ವಾ ಅಮ್ಮ, ನಿಧಾನಕ್ಕೆ ಬರ್ತಾರೆ."

"ಅವಳು ನಿಧಾನಕ್ಕೆ ಬರೋಳಲ್ಲ. ಒಬ್ಬಳಾದ್ರೆ ಬಿದ್ದವ್ಳೆ ಅನ್ಬೋದಿತ್ತು. ಹಿಂದೆ ಒಬ್ರೂ ಇಲ್ವಲ್ಲ! ಬನ್ನಿ ನನ್ ಜೊತೆ."

ಉತ್ತರಕ್ಕೆ ಕಾಯದೆ ಗುಡ್ಡ ಹತ್ತಿದರು. ಧರ್ಮೇಶ್ ಹಿಂದೆಯೇ ಓಡಿದರು. ಆಕೆಯ ಅರ್ಧ ವಯಸ್ಸಿನವರಿಗೂ ಆ ಏರನ್ನು ಅಷ್ಟು ಬೇಗ ಹತ್ತಲಾಗದು ಎಂದು ಮೇಷ್ಟ್ರು ಈಗಲೂ ಹೇಳುತ್ತಾರೆ. ಕವಲಿನಲ್ಲಿ ಇಬ್ಬನಿಗೆ ಒದ್ದೆಯಾದ ಮಣ್ಣಿನ ಮೇಲೆ ಬೂಟಿನ ಗುರುತುಗಳು ಸಾಲಾಗಿ ನೇರಕ್ಕೆ ಹೋಗಿದ್ದವು. ಕೆಂಪಲಕ್ಷ್ಮಮ್ಮ ಧರ್ಮೇಶ್ ಅವರನ್ನು ಅಲ್ಲೇ ನಿಲ್ಲಿಸಿದರು. "ಇನ್ನೊಬ್ರೂ ಈ ಕಡೆ ಬರ್ದಂಗೆ ಅಡ್ಡ ನಿಂತ್ಕೊಳ್ಳಿ." ಆಮೇಲೆ ಮಂಜಿನೊಳಕ್ಕೆ ನುಗ್ಗಿ ಕೂಗಿದರು.

ಆ ಕೂಗು ನಮ್ಮ ಕಿವಿಗೆ ಬಿದ್ದ ಗಳಿಗೆಯನ್ನು ನಾನು ಮರೆಯಲಾರೆ. "ಹೋ...ಓಯ್!" ಎಂದು ಎಳೆದು ಎತ್ತರಕ್ಕೇರುವ ಕೂಗು. ಭವ್ಯಾ ಜಿಗಿದೇಬಿಟ್ಟಳು. "ನಮ್ಮತ್ತೆ! ನಮ್ಮತ್ತೆ ಕಣ್ರೀ!"

"ನಿಂತಲ್ಲೇ ನಿಂತ್ಕೊಳ್ರೀ! ಯಾರೂ ಕಾಲಿಡ್ಬ್ಯಾಡಿ!"

ಭವ್ಯಾ ಕೂಗಿ ಉತ್ತರ ಕೊಟ್ಟಳು. ಅವರು ಮತ್ತೆ ಕೂಗಿದರು, ಈಗ ಹತ್ತಿರದಿಂದ. ಮೂರನೆಯ ಕೂಗಿಗೆ ಮಂಜಿನಿಂದ ಅವರೇ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹನ್ನೊಂದು ತಲೆ ಎಣಿಸಿದರು. ನನ್ನನ್ನು ನೋಡಿ, "ಮಾತ್ರೆ ಅಂಗಡಿಯೋರೆ, ನೀವೂ ಇಷ್ಟು ಮುಂದಕ್ ಬಂದಿದ್ದೀರಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ಎಲ್ಲರೂ ನಕ್ಕುಬಿಟ್ಟೆವು. ಹೆದರಿಕೆ ಅಲ್ಲೇ ಇಳಿದುಹೋಯಿತು.

ಒಬ್ಬರ ಹಿಂದೊಬ್ಬರು ಅವರ ಬೆನ್ನಿಗೆ ಕವಲಿಗೆ ಬಂದೆವು. "ಈಗ ಓಡು!" ಎಂದು ಅವರು ಸೊಸೆಯ ಬೆನ್ನಿಗೊಂದು ತಟ್ಟಿದರು. ಭವ್ಯಾ ಹಾರಿದಳು. ಅಷ್ಟರಲ್ಲಿ ಹಿಂದಿನಿಂದ ಬಂದ ಎಷ್ಟೋ ಜನ ಸರಿದಾರಿಯಲ್ಲಿ ಮುಂದೆ ಹೋಗಿದ್ದರು. ಉಳಿದ ಎಂಟು ಕಿಲೋಮೀಟರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಹೆಂಗಸರಲ್ಲಿ ಎರಡನೆಯವಳಾಗಿ ಮುಟ್ಟಿದಳು. ನಾನು ಮೂವತ್ತೊಂದನೆಯವನು. ನನ್ನ ಜೀವನದ ಅತ್ಯುತ್ತಮ ಓಟ ಅದೇ.

ಬಹುಮಾನ ಕೊಡುವ ಹೊತ್ತಿಗೆ ಧರ್ಮೇಶ್ ಮೈಕಿನಲ್ಲಿ ಕೆಂಪಲಕ್ಷ್ಮಮ್ಮನ ಹೆಸರು ಕೂಗಿದರು. ಹಾರ ಸಿದ್ಧವಾಗಿತ್ತು, ಅವರು ಮಾತ್ರ ಇರಲಿಲ್ಲ. ಹುಡುಕಿಕೊಂಡು ಹೋದರೆ ಗುಡ್ಡದ ಬುಡದಲ್ಲೇ ನಿಂತಿದ್ದಾರೆ. "ಇನ್ನೂ ಇಬ್ರು ಬರ್ಬೇಕು ಕಣ್ರೀ. ಪಾಪ, ಅವರಿಗೆ ನೀರು ಬ್ಯಾಡ್ವಾ?"

ಮುಂದಿನ ಭಾನುವಾರವೇ ಧರ್ಮೇಶ್ ಕಣಕಟ್ಟೆಗೆ ಬಂದು ಕಲ್ಲುಬೋರೆಯ ಸುತ್ತನ್ನು ಓಡಿ ನೋಡಿದರು. ಇಳಿದು ಬಂದಾಗ ಅವರ ಮುಖ ಹೊಳೆಯುತ್ತಿತ್ತು. ಫೆಬ್ರವರಿಯಲ್ಲಿ ಅಲ್ಲೇ ಓಟ ನಡೆಯಿತು. ಬೇಲೂರು, ಹಾಸನ, ತಿಪಟೂರಿನಿಂದೆಲ್ಲ ಎಂಬತ್ತು ಜನ ಬಂದರು. ಚಿಕ್ಕಬೀರಯ್ಯ ಎಳನೀರು ಕೆತ್ತಿ ಕೆತ್ತಿ ಸುಸ್ತಾದರು. ಕೆಂಪಲಕ್ಷ್ಮಮ್ಮ ನೆತ್ತಿಯ ಬಂಡೆಯ ಮೇಲೆ ನಿಂತು ಬಣ್ಣಬಣ್ಣದ ಅಂಗಿಗಳು ತಾವು ಬಿಡಿಸಿದ ಹಾದಿಯಲ್ಲಿ ಏರಿ ಬರುವುದನ್ನು ನೋಡುತ್ತಿದ್ದರು. ನಾನು ಏದುಸಿರು ಬಿಡುತ್ತಾ ಹತ್ತಿರ ಬಂದಾಗ ಮುಂಗೈ ಹಿಡಿದು ನಿಲ್ಲಿಸಿ, ಪಡುವಣದ ಇನ್ನೊಂದು ಗುಡ್ಡದ ಕಡೆ ಬೆರಳು ತೋರಿದರು.

"ಅಲ್ಲಿ ಇದಕ್ಕಿಂತ ಚೆಂದದ ಹಾದಿ ಐತೆ. ನಾಳೆ ಮಚ್ಚು ತಗೊಂಡು ಬತ್ತೀರಾ?"