ಕಲ್ಲಿನ ಗಾಳಿಗೆ ಸಿರಿಲ್ ಕಾವಲು

ಕೊಲ್ಲಿ ನಾಡಿನ ಎಣ್ಣೆ ಪಟ್ಟಣ ಅಹ್ಮದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ನಿಂತ ಸಿರಿಲ್ ಕ್ರಾಸ್ತಾ, ವರದಿಗೆಂದು ಬಂದ ನನ್ನ ಕೈಚೀಲವನ್ನೇ ಅನುಮಾನದಿಂದ ನೋಡುತ್ತಾರೆ. "ಒಳಗೆ ಬಲೂನು ಗಿಲೂನು ಉಂಟಾ?" ನನಗೆ ನಗು ಬರುತ್ತದೆ, ಅವರಿಗೆ ಬರುವುದಿಲ್ಲ.

ಮಂಗಳೂರಿನ ಸಿರಿಲ್ ವಾರವಿಡೀ ಎಣ್ಣೆಬಾವಿಗಳ ಅನಿಲ ಅಳೆಯುವ ತಂತ್ರಜ್ಞ. ರಜೆಯ ಶುಕ್ರವಾರ ಮಾತ್ರ ಇಲ್ಲಿನ ಅನಿಲ ಅಳೆಯುವ ಯಂತ್ರ ಸಂಶೋಧಕರ ಪಾಲಿಗೆ. ಇವತ್ತು ಭೂವಿಜ್ಞಾನಿ ಪಾವನಾ ತಂದಿರುವುದು ಕಡಲೆಕಾಳಿನಷ್ಟು ಕಪ್ಪು ಗಾಜು. ಹಿಂದೂ ಮಹಾಸಾಗರದ ತಳದಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿ ಹೀಗೆ ಹೆಪ್ಪುಗಟ್ಟಿದೆ. ಅದರ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಹೀಲಿಯಂನಲ್ಲಿ ಎರಡು ಬಗೆ. ಹಗುರದ್ದು ಬಹುಪಾಲು ಭೂಮಿ ಹುಟ್ಟಿದಾಗಿನದು, ಭಾರದ್ದು ಯುರೇನಿಯಂನಂಥ ಧಾತುಗಳಿಂದ ಆಮೇಲೆ ಕೂಡಿಕೊಂಡದ್ದು. ಯಾವುದು ಎಷ್ಟಿದೆ ಎಂದು ನೋಡಿದರೆ ಲಾವಾ ಎಷ್ಟು ಆಳದಿಂದ ಬಂತೆಂಬ ಸುಳಿವು ಸಿಗುತ್ತದೆ.

"ಕಲ್ಲು ಒಡೆಯುದು ಒಂದೇ ಸಲ. ಹೊರಗಿನ ಗಾಳಿ ಚೂರು ಸೇರಿದ್ರೂ ಖಲಾಸ್," ಎನ್ನುತ್ತಾರೆ ಸಿರಿಲ್. "ಮತ್ತೆ ಎಲ್ಲಿಂದ ತರುದು? ಸಮುದ್ರಕ್ಕೆ ಹಾರುದಾ?"

ಹೋದ ವರ್ಷ ಹಾಗೇ ಆಗಿಹೋಯಿತು. ಸಿರಿಲ್‌ರ ಹುಟ್ಟುಹಬ್ಬಕ್ಕೆಂದು ಹೆಂಡತಿ ಮೇಬಲ್ ಗುಟ್ಟಾಗಿ ಕೇಕಿನ ಜೊತೆ ಅಂಗಡಿಯ ಹೀಲಿಯಂ ಬಲೂನುಗಳನ್ನೂ ಹಿಡಿದು ಬಂದರು. ಯಂತ್ರದ ಪಕ್ಕದಲ್ಲೇ ಎರಡು ಒಡೆದವು. ಆ ಹೀಲಿಯಂ ರಬ್ಬರ್ ಸೀಲುಗಳೊಳಗೆ ನುಸುಳಿ ಪಾವನಾ ಅವರ ಅರ್ಧ ಕಲ್ಲು ವ್ಯರ್ಥವಾಯಿತು. ಇವತ್ತಿನದು ಉಳಿದರ್ಧ.

"ಮೇಡಂ ಒಂದು ಮಾತು ಬೈಲಿಲ್ಲ. ಬೈದಿದ್ರೆ ಒಳ್ಳೆದಿತ್ತು. ಪಾಪ, ಮೇಬಲ್ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ."

ಈಗ ಸಿರಿಲ್ ಕೊಳವೆಯ ಒಂದೊಂದು ಕೀಲನ್ನೂ ಪರೀಕ್ಷಿಸುತ್ತಾರೆ. ಗಾಳಿಯನ್ನೆಲ್ಲ ಓಡಿಸಲು ರಾತ್ರಿಯಿಡೀ ಕಾಯಿಸಿದ ಕೊಳವೆ ಅದು. ಹಿಡಿ ತಿರುಗಿಸುತ್ತಾರೆ, ಒಳಗೆ ಕಲ್ಲು ಟಕ್ಕೆಂದು ಒಡೆಯುತ್ತದೆ. ಪಾವನಾ ಕಣ್ಣು ಮುಚ್ಚಿಕೊಂಡಿದ್ದಾರೆ. ನನಗೂ ಉಸಿರಾಡಲು ಭಯ. ಪರದೆಯ ಮೇಲೆ ಹೀಲಿಯಂನ ಗೆರೆ ಮೆಲ್ಲಗೆ ಏರಿ ನಿಲ್ಲುತ್ತದೆ.

"ಕಣ್ಣು ಬಿಡಿ ಮೇಡಂ. ಹೊರಗಿನದ್ದು ಏನೂ ಸೇರ್ಲಿಲ್ಲ."

ಪಾವನಾ ಪರದೆ ನೋಡಿ ಸಿರಿಲ್ ಕೈ ಹಿಡಿದುಕೊಳ್ಳುತ್ತಾರೆ. ಹಗುರದ್ದು ಎಣಿಸಿದ್ದಕ್ಕಿಂತ ಹೆಚ್ಚಿದೆ, ಲಾವಾ ತೀರಾ ಆಳದ್ದೇ ಇರಬೇಕು ಎನ್ನುತ್ತಾರೆ. ರಜೆ ದಿನ ಈ ಪಾಡು ಏಕೆ ಎಂದು ನಾನು ಸಿರಿಲ್‌ರನ್ನು ಕೇಳುತ್ತೇನೆ.

"ಈ ಗಾಳಿ ಭೂಮಿ ಹುಟ್ಟಿದಾಗಿಂದ ಒಳಗೇ ಇತ್ತು. ಬಾಗಿಲು ತೆಗೆದದ್ದು ನಾನು. ಅಷ್ಟು ಸಾಕಲ್ವಾ ಮಾರಾಯ್ರೆ?"

ನಾಳೆ ಮತ್ತೆ ಅವರ ಹುಟ್ಟುಹಬ್ಬ. ಬಾಗಿಲಾಚೆ ಮೇಬಲ್ ಒಂದು ಕೆಂಪು ಬಲೂನು ಹಿಡಿದು ನಿಂತಿದ್ದಾರೆ. ಸಿರಿಲ್ ಅದನ್ನು ತೆಗೆದುಕೊಂಡು ಕೈಬಿಟ್ಟು ನೋಡುತ್ತಾರೆ. ಬಲೂನು ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ.

"ಬಾಯಲ್ಲೇ ಊದಿದ್ದು," ಎನ್ನುತ್ತಾರೆ ಮೇಬಲ್, ಇನ್ನೂ ಏದುಸಿರು ಬಿಡುತ್ತ.

"ಹಾಗಾದ್ರೆ ಒಳಗೆ ಬಾ."